ಡಾಕ್ಟರ್ ಅಂಬಾರಾಯನ ಕಪ್ಪೆ

ಕಪ್ಪೆಯ ಹೃದಯಕ್ಕೆ ಮೂರು ಕೋಣೆ. ಅದರಲ್ಲಿ ಅನುಮಾನವಿಲ್ಲ, ಪುಸ್ತಕದಲ್ಲಿ ಚಿತ್ರ ಸಮೇತ ಇದೆ. ಮನುಷ್ಯನ ಹೃದಯಕ್ಕೆ ನಾಲ್ಕು. ಹಾಗಿದ್ದರೆ ಆ ನಾಲ್ಕರಲ್ಲಿ ಒಂದರಲ್ಲಾದರೂ ಧೈರ್ಯ ಇರಬೇಕಿತ್ತಲ್ಲ, ತನ್ನಲ್ಲಿ ಯಾಕಿಲ್ಲ? ಕಪ್ಪೆ ಕೊಯ್ಯಲಾರದೆ ಓದು ಬಿಡುತ್ತೇನೆ ಎಂದರೆ ಅದು ಹೇಡಿತನ. ಕೊಯ್ದು ಮುಗಿಸಿ, ಕೈ ತೊಳೆದುಕೊಂಡು, ಆಮೇಲೆ ಬಿಡುತ್ತೇನೆ ಎಂದರೆ ಅದು ನಿರ್ಧಾರ. ಹಾಗಾದರೆ ಮೊದಲು ಕಪ್ಪೆ, ಆಮೇಲೆ ಅಪ್ಪ. ಅಥವಾ ಮೊದಲು ಅಪ್ಪನಿಗೆ ಹೇಳಿಬಿಟ್ಟರೆ ಕಪ್ಪೆಯಾದರೂ ಉಳಿದೀತು...

ಹೊರಸಿನ ಮೇಲೆ ಬಿದ್ದುಕೊಂಡು ಅಂಬಾರಾಯ ಹೀಗೆ ಹಿಂದೆ ಮುಂದೆ ನೋಡುತ್ತಿದ್ದ. ಹೊರಸಿನ ಕೆಳಗೆ ಊಟದ ಡಬ್ಬಿಯಲ್ಲಿ ಕುಳಿತಿದ್ದ ಕಪ್ಪೆಗೆ ಅಂಥ ಯಾವ ಸಂದಿಗ್ಧವೂ ಇರಲಿಲ್ಲ. ಅದು ಹೊರಬರಲು ನೋಡುತ್ತಿತ್ತು, ಅಷ್ಟೆ. ಬೆಳಿಗ್ಗೆ ಎದ್ದವನೇ ಭಂಕೂರ ದಾರಿಯ ಹಳೆಯ ಕಲ್ಲಿನ ಖಣಿಗೆ ಹೋಗಿ, ಮಳೆನೀರಿನಲ್ಲಿ ಮೊಣಕಾಲುದ್ದ ಇಳಿದು ಅವನು ಅದನ್ನು ಹಿಡಿದು ತಂದಿದ್ದ. ನಾಳೆ ಗುಲಬರ್ಗಾದ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಇಷ್ಟು ದಿನ ಜೊತೆಯವರು ಕಪ್ಪೆ ಕೊಯ್ಯುವಾಗಲೆಲ್ಲ ಅವನು ತಟ್ಟೆ ಹಿಡಿದುಕೊಂಡು ಕಿಟಕಿಯಾಚೆ ನೋಡಿದ್ದ. ನಾಳೆ ಅವನ ಬದಲು ಕೊಯ್ಯಲು ಬೇರೆ ಯಾರೂ ಇರುವುದಿಲ್ಲ; ಅದಕ್ಕೇ ಇವತ್ತು ಮನೆಯಲ್ಲೇ ಅಭ್ಯಾಸ.

ಶಹಾಬಾದಿನ ಈ ಓಣಿ ಅಂಬಾರಾಯನನ್ನು ಮ್ಯಾಟ್ರಿಕ್ ಪಾಸಾದ ದಿನದಿಂದಲೇ 'ಡಾಕ್ಟರ್' ಎಂದು ಕರೆಯುತ್ತಿತ್ತು. ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಅಪ್ಪನ ಬಾಯಿಂದಲೇ ಹೊರಟಿರಬೇಕೆಂದು ಅಂಬಾರಾಯ ತಿಳಿದುಕೊಂಡಿದ್ದ. ಅಪ್ಪ ದೇವಿಂದ್ರಪ್ಪ ಊರಾಚೆ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಪಾಲಿಷ್ ಯಾರ್ಡ್ ನಡೆಸುತ್ತಿದ್ದ. ದಿನವಿಡೀ ಕಲ್ಲು ತಿಕ್ಕುವ ಮಷಿನ್ನಿನ ಕಿರುಚಾಟ ಕೇಳಿ ಬಂದವನಿಗೆ ಮನೆಯಲ್ಲಿ ಮಾತು ಬೇಡವಾಗಿತ್ತು. ಉಪ್ಪು ಬೇಕಿದ್ದರೂ ಬೆರಳು ತೋರಿಸುತ್ತಿದ್ದ. ಅಂಥ ಅಪ್ಪನನ್ನು 'ನಾನು ಏನಾಗಬೇಕೆಂದು ನಿನ್ನ ಆಸೆ' ಎಂದು ಕೇಳುವುದು ಹೇಗೆ?

ಅಂಬಾರಾಯನಿಗೆ ಬೇಕಾಗಿದ್ದು ಆ ಯಾರ್ಡು. ಒರಟು ಕಲ್ಲು ತಿಕ್ಕುತ್ತ ತಿಕ್ಕುತ್ತ ಕನ್ನಡಿಯಾಗುವುದನ್ನು ನೋಡುವುದೆಂದರೆ ಅವನಿಗೆ ಹಸಿವೆ ಮರೆತುಹೋಗುತ್ತಿತ್ತು. ಕಾಲೇಜಿನಲ್ಲಿ ಮಾತ್ರ ಎಷ್ಟು ತಿಕ್ಕಿದರೂ ಏನೂ ಹೊಳೆಯಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಕಲಿತ ಎಲೆ, ಬೇರು, ಮೂಳೆಗಳೆಲ್ಲ ಇಲ್ಲಿ ಇಂಗ್ಲಿಷು, ಲ್ಯಾಟಿನ್ನಿನ ಕೋಟು ತೊಟ್ಟುಕೊಂಡು ಗುರುತೇ ಇಲ್ಲದವರಂತೆ ನಿಂತಿದ್ದವು. ಭೌತಶಾಸ್ತ್ರದ ಗಾಡಿ ಇಳಿಜಾರಿನಲ್ಲಿ ಉರುಳಿದಾಗಲೆಲ್ಲ ಇವನ ಮೇಲೆಯೇ ಹಾಯ್ದುಹೋಗುತ್ತಿತ್ತು. ರಸಾಯನಶಾಸ್ತ್ರದ ಬೆಂಜೀನ್ ಎಂಬ ಆರು ಮೂಲೆಯ ಉಂಗುರವಂತೂ ಕೊರಳಿಗೇ ಬಿದ್ದಿತ್ತು. ಇದೆಲ್ಲ ದಾಟಿದರೆ ಡಾಕ್ಟರಿಕೆಯ ಬಾಗಿಲು; ಒಳಗೆ ಹೋಗುವುದಲ್ಲ, ಬರೀ ಬಾಗಿಲು.

ಇವತ್ತು ಕಪ್ಪೆ ಕೊಯ್ಯಬೇಕು, ಸಂಜೆಯೊಳಗೆ ಅಪ್ಪನಿಗೆ ಹೇಳಬೇಕು. ಹೀಗೆಂದು ಗಟ್ಟಿ ಮನಸ್ಸು ಮಾಡಿ ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಅವ್ವ ಮಹಾದೇವಮ್ಮ ಹೊರಸಿನ ಕೆಳಗೆ ಕೈ ಹಾಕಿದ್ದಳು.

"ನಿಮ್ಮಪ್ಪನ ಊಟದ ಡಬ್ಬಿ ಇಲ್ಲಿಗ್ಯಾಕ ಬಂತು? ಬುತ್ತಿ ಕಟ್ಟೋ ಹೊತ್ತಾತು."

"ಯವ್ವಾ, ತೆಗೀಬ್ಯಾಡ!"

ತೆಗೆದಾಗಿತ್ತು. ಕಪ್ಪೆ ಮೊದಲು ರೊಟ್ಟಿಯ ಬುಟ್ಟಿಗೆ ನೆಗೆಯಿತು. ಅಲ್ಲಿಂದ ಪುಂಡಿಪಲ್ಯದ ಗಡಿಗೆಯ ಅಂಚಿಗೆ. ಅಲ್ಲಿಂದ ನೇರ ದೇವರ ಜಗಲಿಗೆ. ವಿಭೂತಿ ಗಟ್ಟಿಯ ಪಕ್ಕ ಕುಳಿತು, ಪಾದಪೂಜೆಗೆ ಬಂದ ಸ್ವಾಮಿಗಳಂತೆ ಗಂಟಲುಬ್ಬಿಸಿ ಎಲ್ಲರನ್ನೂ ನೋಡಿತು.

ಮಹಾದೇವಮ್ಮನ ಚೀರಾಟಕ್ಕೆ ಎದುರು ಮನೆಯ ಸೂಗಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಓಣಿಯಲ್ಲಿ ಎಲ್ಲಿ ಏನಾದರೂ ಸೂಗಮ್ಮನ ಕೈ ಹಿಟ್ಟಿನಲ್ಲೇ ಇರುತ್ತಿತ್ತು, ಕಾಲು ಮಾತ್ರ ಬಾಗಿಲಲ್ಲಿ.

"ಅಯ್ಯ ಶಿವನೆ! ಇದನ್ನ ಯಾಕ ತಂದೀಯೋ ಡಾಕ್ಟರಾ?"

"ಕೊಯ್ಯಾಕ, ಅತ್ತಿ. ನಾಳಿ ಪರೀಕ್ಷಾ ಅದ."

"ಕೊಯ್ಯಾಕ?" ಮಹಾದೇವಮ್ಮ ಎದೆಗೆ ಕೈ ಹಚ್ಚಿಕೊಂಡಳು. "ಲಿಂಗಾಯತರ ಮನ್ಯಾಗ? ತಗಣಿ ಸತ್ತರ ಜಳಕ ಮಾಡೋ ಮನಿ ಇದು! ನನ್ನ ಜಗಲಿ ಮುಂದ ಕೊಯ್ತೀಯೇನೋ? ಮೊದಲು ಹೊರಗ ನಡಿ!"

"ಡಾಕ್ಟರ್ ಆಗಬೇಕಂದ್ರ ಕೊಯ್ಯಬೇಕಾಗ್ತದ, ಯವ್ವಾ."

"ಆಗು. ಹೊರಗ ಆಗು."

ಸೂಗಮ್ಮನ ಹತ್ತಿರ ಯಾವಾಗಲೂ ಒಂದು ದಾರಿ ಇರುತ್ತಿತ್ತು. "ಗನಿಸಾಬನ ಹಿತ್ತಲಕ್ಕ ಒಯ್ಯೋ. ಅವರಿಗೇನು, ಹಬ್ಬಕ್ಕ ಕುರಿನೇ ಕೊಯ್ತಾರ. ಕಪ್ಪಿ ಯಾವ ಲೆಕ್ಕ?"

ಅಂಬಾರಾಯನಿಗೂ ಇದು ಸರಿಯೆನಿಸಿತು. ಟವೆಲ್ಲು ಹಾಕಿ ಕಪ್ಪೆ ಹಿಡಿದು, ಡಬ್ಬಿಗೆ ತುಂಬಿ, ಕಾಲೇಜಿನ ಬ್ಲೇಡು, ಚುಚ್ಚುವ ಟಾಚಣಿಗಳ ಪೆಟ್ಟಿಗೆಯನ್ನು ಬಗಲಿಗಿಟ್ಟುಕೊಂಡು ನಡೆದ.

ಗನಿಸಾಬ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಗಾರ್ಡ್ ಆಗಿ ನಿವೃತ್ತನಾದವನು. ಮನೆಯ ಮುಂದೆ ಕುರ್ಚಿ ಹಾಕಿಕೊಂಡು, ಓಣಿಯಲ್ಲಿ ಹಾಯುವ ಎಲ್ಲರಿಗೂ ಹಸಿರು ನಿಶಾನೆ ತೋರಿಸಿಯೇ ಬಿಡುತ್ತಿದ್ದ.

"ಬರ್ರಿ ಡಾಕ್ಟರ್ ಸಾಬ್, ಕುಂದ್ರಿ. ಹ್ಯಾಂಗ ನಡದದ ಓದು?"

"ಭಾಳ ಕಷ್ಟ ಅದ, ಕಾಕಾ. ಕೆಮಿಸ್ಟ್ರಿ ತಲಿಗಿ ಹತ್ತಲಿಕತ್ತಿಲ್ಲ."

"ಅದ್ರಾಗೇನು ಕಷ್ಟ? ಕೆಂಪು ಮಿಕ್ಸ್ಚರ್, ಬಿಳಿ ಮಿಕ್ಸ್ಚರ್. ಕಲಸೋದು, ಬಾಟ್ಲಿಗಿ ತುಂಬೋದು. ನಮ್ಮ ರೈಲ್ವೆ ದವಾಖಾನಿ ಕಂಪೌಂಡರ್ ಅರ್ಧ ನಿದ್ದ್ಯಾಗ ಮಾಡ್ತಿದ್ದ."

"ಫಿಜಿಕ್ಸ್ ಬ್ಯಾರೆ ಅದ. ಭಾರ, ವೇಗ, ಎಳೆತ..."

"ಬೇಕಲ್ಲ ಮತ್ತ! ಪೇಶಂಟಿನ್ನ ಎತ್ತಿ ಮಂಚದ ಮ್ಯಾಲೆ ಹಾಕಬೇಕಂದ್ರ?"

ಅಂಬಾರಾಯ ಆ ವಿಷಯ ಅಲ್ಲಿಗೇ ಬಿಟ್ಟು, ಹಿತ್ತಲಲ್ಲಿ ಸ್ವಲ್ಪ ಜಾಗ ಕೇಳಿದ. ಗನಿಸಾಬ ಸಂತೋಷದಿಂದ ಒಳಗೆ ಕರೆದೊಯ್ದು ಕುರಿ ಕೊಯ್ಯುವ ಹಾಸುಗಲ್ಲನ್ನೇ ತೊಳೆದು ಕೊಟ್ಟ. ಅಲ್ಲೇ ಬಿಸಿಲಿಗೆ ಕುಳಿತಿದ್ದ ಅವನ ತಾಯಿ ಸೈದಾನಬಿ ಕಣ್ಣು ಕಿರಿದು ಮಾಡಿ ಕೇಳಿದಳು.

"ಡಬ್ಬ್ಯಾಗ ಏನು ತಂದೀ ಮಗನೆ? ಕೋಳಿ ಮರಿ?"

"ಕಪ್ಪಿ, ದಾದಿ."

"ತೌಬಾ, ತೌಬಾ!" ಮುದುಕಿ ಎರಡೂ ಕೆನ್ನೆ ಬಡಿದುಕೊಂಡಳು. "ಕಪ್ಪಿ ಕೊಲ್ಲಬಾರದೋ! ಇಬ್ರಾಹಿಂ ನಬಿಯವರನ್ನ ಬೆಂಕ್ಯಾಗ ಹಾಕಿದಾಗ ಬಾಯಾಗ ನೀರು ತಂದು ಉಗಳಿದ ಜೀವ ಅದು. ರಾತ್ರಿಯೆಲ್ಲಾ ವಟಗುಟ್ತದಲ್ಲ, ಅಲ್ಲಾನ ಹೆಸರು ಅದು. ಕೋಳಿ ತಾ, ಕುರಿ ತಾ, ನಾನೇ ನಿಂತು ಕೊಯ್ಸಿ ಕೊಡ್ತೀನಿ. ಕಪ್ಪಿ ಮಾತ್ರ ನನ್ನ ಹಿತ್ತಲದಾಗ ಆಗಂಗಿಲ್ಲ."

ಅಂಬಾರಾಯ ಡಬ್ಬಿ ಹಿಡಿದುಕೊಂಡು ನಿಂತೇ ಬಿಟ್ಟ. ತನ್ನ ಮನೆಯಲ್ಲಿ ಏನನ್ನೂ ಕೊಯ್ಯುವಂತಿಲ್ಲ. ಈ ಮನೆಯಲ್ಲಿ ಎಲ್ಲವನ್ನೂ ಕೊಯ್ಯಬಹುದು, ಕಪ್ಪೆಯೊಂದನ್ನು ಬಿಟ್ಟು. ಇಡೀ ಪಠ್ಯದಲ್ಲಿ ಇದ್ದದ್ದು ಅದೊಂದೇ.

"ಕೋಳಿ ಕೊಯ್ದರ ನಡ್ಯಂಗಿಲ್ಲೇನು?" ಗನಿಸಾಬ ರಾಜಿಗೆ ಬಂದ. "ಪುಕ್ಕ ತೆಗೆದ ಮ್ಯಾಲೆ ಯಾರಿಗಿ ಗೊತ್ತಾಗ್ತದ?"

"ಸಿಲೆಬಸ್ಸಿನಾಗ ಕಪ್ಪಿನೇ ಅದ, ಕಾಕಾ."

"ಈ ಮೈಸೂರು ಸರ್ಕಾರಕ್ಕ ಬುದ್ಧಿ ಇಲ್ಲ ಬಿಡು." ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬದಲಾಗಿದ್ದು ಗನಿಸಾಬನಿಗೆ ಇನ್ನೂ ರೂಢಿಯಾಗಿರಲಿಲ್ಲ. "ನಾಳಿ ದವಾಖಾನಿಗಿ ಕಪ್ಪಿ ಬಂದು ಸಾಲು ಹಚ್ತಾವೇನು?"

ಕೊನೆಗೆ ಎರಡೂ ಮನೆಗಳಿಗೆ ಸೇರದ ಜಾಗವೊಂದೇ ಉಳಿಯಿತು: ಓಣಿಯ ಕೊನೆಗೆ ಬೇವಿನ ಗಿಡದ ಕೆಳಗೆ ಯಾರೋ ಪೇರಿಸಿ ಬಿಟ್ಟಿದ್ದ ಪರಸಿ ಕಲ್ಲುಗಳ ಅಟ್ಟಿ. ಅಂಬಾರಾಯ ಒಬ್ಬನೇ ಹೋಗಬೇಕೆಂದುಕೊಂಡಿದ್ದ. ಆದರೆ ತಿರುಗಿ ನೋಡಿದರೆ ಸೂಗಮ್ಮ, ಅವಳ ಹಿಂದೆ ಮಹಾದೇವಮ್ಮ, ಕೋಲು ಊರುತ್ತ ಸೈದಾನಬಿ, ಕುರ್ಚಿ ಹೊತ್ತುಕೊಂಡು ಗನಿಸಾಬ, ಅವರ ಹಿಂದೆ ಕೊಡ ತುಂಬಿಕೊಂಡು ಹೊರಟಿದ್ದ ಹೆಂಗಸರೆಲ್ಲ ಬರುತ್ತಿದ್ದರು. ಕಪ್ಪೆಯ ಅಂತ್ಯಕ್ಕೆ ಇಷ್ಟು ಜನ ಸೇರಿದ್ದು ಶಹಾಬಾದಿನಲ್ಲಿ ಅದೇ ಮೊದಲಿರಬೇಕು.

"ಕೊಯ್ಯೋದು ಪಾಪ," ಎಂದಳು ಸೈದಾನಬಿ, ಮುಂದಿನ ಸಾಲಿನಲ್ಲಿ ಜಾಗ ಹಿಡಿಯುತ್ತ.

"ನೋಡೋದೂ ಪಾಪ," ಎಂದಳು ಮಹಾದೇವಮ್ಮ, ಅವಳ ಭುಜದ ಮೇಲಿಂದ ಇಣುಕುತ್ತ.

ಅಂಬಾರಾಯ ಕಪ್ಪೆಯನ್ನು ಅಂಗಾತ ಮಲಗಿಸಿದ. ಕಾಲೇಜಿನಿಂದ ತಂದ ಮತ್ತಿನ ಔಷಧಿ ಹಚ್ಚಿದ ಅರಳೆಯನ್ನು ಬರುವಾಗ ಡಬ್ಬಿಯೊಳಗೆ ಹಾಕಿಟ್ಟಿದ್ದರಿಂದ ಅದು ತೂಕಡಿಸುತ್ತಿತ್ತು. ಟಾಚಣಿ ಚುಚ್ಚಲು ಕೈ ಬರಲಿಲ್ಲ. ಎಡಗೈಯಿಂದ ಹಿಡಿದುಕೊಂಡರೆ ಸಾಕೆಂದುಕೊಂಡ. ಬ್ಲೇಡು ತೆಗೆದ. ಬಿಳಿ ಹೊಟ್ಟೆಯ ಕೆಳಗೆ ಏನೋ ಟಕಟಕ ಎನ್ನುತ್ತಿತ್ತು. ಮೂರು ಕೋಣೆ, ಎಂದು ಅವನು ತನಗೇ ಹೇಳಿಕೊಂಡ. ಬರೀ ಮೂರು ಕೋಣೆ.

ಅಷ್ಟರಲ್ಲಿ ಕಪ್ಪೆ ಒಂದು ಕಣ್ಣು ತೆರೆದು ನೋಡಿತು. ಕೋಪದಿಂದಲ್ಲ; ಪ್ರಶ್ನೆಪತ್ರಿಕೆ ಕೊಟ್ಟ ಮೇಷ್ಟ್ರು 'ಗೊತ್ತಿಲ್ಲವೇನಪ್ಪ?' ಎಂಬಂತೆ ನೋಡುತ್ತಾರಲ್ಲ, ಹಾಗೆ.

ಬೇವಿನ ಗಿಡ ಒಂದು ಸುತ್ತು ತಿರುಗಿತು. ಅಂಬಾರಾಯ ಬ್ಲೇಡಿನ ಸಮೇತ ಕಲ್ಲಿನ ಅಟ್ಟಿಯ ಮೇಲೆ ಮಲಗಿಬಿಟ್ಟ.

"ಅಯ್ಯ, ನೆತ್ತರ ಸುದ್ದೇ ಇಲ್ಲ, ಬಿದ್ದನಲ್ಲ!" ಎಂದು ಸೂಗಮ್ಮ ಕೂಗಿದ್ದು ಬಾವಿಯ ತಳದಿಂದ ಬಂದಂತೆ ಕೇಳಿಸಿತು. ಆಮೇಲೆ ಯಾರದೋ ಕೊಡದ ನೀರು ಅವನ ಮುಖದ ಮೇಲೆ ಬಿತ್ತು. ಒಂದಿಷ್ಟು ಕಪ್ಪೆಯ ಮೇಲೂ ಬಿತ್ತು. ಕಪ್ಪೆ ಅವನಿಗಿಂತ ಮೊದಲೇ ಎಚ್ಚರಗೊಂಡು, ಅವನ ಎದೆಯ ಮೇಲೆ ಕಾಲಿಟ್ಟು, ಗಟಾರಕ್ಕೆ ಹಾರಿತು.

ಕಣ್ಣು ಬಿಟ್ಟಾಗ ಇಡೀ ಓಣಿ ಅಂಬಾರಾಯನ ಮೇಲೆ ಬಗ್ಗಿ ನಿಂತಿತ್ತು. ಅದು ಅವನಿಗೆ ತುಂಬ ಹಿತವೆನಿಸಿತು. ಇನ್ನು ತಾನು ಏನೂ ಹೇಳಬೇಕಾಗಿಲ್ಲ. ಕಪ್ಪೆ ನೋಡಿ ಬಿದ್ದವನು ಡಾಕ್ಟರಾಗುವುದಿಲ್ಲವೆಂದು ಇವರೇ ಅಪ್ಪನಿಗೆ ಹೇಳುತ್ತಾರೆ. ನಗಲಿ, ವರ್ಷವಿಡೀ ನಗಲಿ. ಯಾರ್ಡಿನ ಮಷಿನ್ ಸದ್ದಿನಲ್ಲಿ ನಗು ಕೇಳಿಸುವುದಿಲ್ಲ.

ಸೂಗಮ್ಮ ಬಾಯಿ ತೆರೆದಳು. ಆದರೆ ಮೊದಲು ಮಾತಾಡಿದ್ದು ಸೈದಾನಬಿ.

"ನೋಡಿದ್ರೇನು? ಕಪ್ಪಿ ನೋವು ತನ್ನ ನೋವು ಅಂದ್ಕೊಂಡ ಹುಡುಗ. ಕತ್ತಿ ಹಚ್ಚಲಿಲ್ಲ, ತಾನೇ ಬಿದ್ದ. ಡಾಕ್ಟರ್ ಅಂದ್ರ ಇಂಥವ ಆಗಬೇಕು."

"ಖರೇ ಅದ," ಎಂದ ಗನಿಸಾಬ. "ನನ್ನ ಬಾವು ಕೊಯ್ದ ಡಾಕ್ಟರ್ ಬೀಡಿ ಸೇದ್ಕೋತ ಕೊಯ್ದಿದ್ದ."

ಮಹಾದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಜಗಲಿ ಮ್ಯಾಲೆ ಬಂದು ಕುಂತಾಗೇ ನನಗನ್ನಿಸ್ತು, ದೇವರು ಪರೀಕ್ಷಾ ಮಾಡಾಕತ್ತಾನ ಅಂತ. ನನ್ನ ಮಗ ಪಾಸಾದ!"

"ನಾ ಅದನ್ನೇ ಹೇಳಾಕ ಬಾಯಿ ತೆರೆದಿದ್ದೆ," ಎಂದಳು ಸೂಗಮ್ಮ.

"ಹಂಗಲ್ಲ ಅತ್ತಿ, ನನಗ ಕೊಯ್ಯಾಕ ಬರಂಗಿಲ್ಲ..."

"ಕೇಳ್ರಿ! ದೊಡ್ಡವರು ಹಿಂಗೇ ಅಂತಾರ, ನನಗ ಬರಂಗಿಲ್ಲ ಅಂತ." ಸೂಗಮ್ಮ ಎಲ್ಲರ ಕಡೆ ತಿರುಗಿದಳು.

ಗನಿಸಾಬ ಕುರ್ಚಿ ಅಲ್ಲೇ ಬಿಟ್ಟು ಆಗಲೇ ಯಾರದೋ ಸೈಕಲ್ ಹತ್ತಿದ್ದ. "ದೇವಿಂದ್ರಪ್ಪಗ ನಾನೇ ಹೇಳಿ ಬರ್ತೀನಿ. ಅವನೂ ಖುಷಿ ಪಡಲಿ."

"ಕಾಕಾ, ನಿಲ್ರಿ!" ಎಂದ ಅಂಬಾರಾಯ. ಇಡೀ ಸರ್ವಿಸಿನಲ್ಲಿ ಒಮ್ಮೆ ಹೊರಟ ಗಾಡಿಯನ್ನು ನಿಲ್ಲಿಸದ ಗನಿಸಾಬ ಹಿಂದಿರುಗಿ ನೋಡದೆ ಕೈ ಬೀಸಿದ.

ಬಟ್ಟೆ ಬದಲಿಸಿ, ತಲೆ ಒರೆಸಿಕೊಂಡು, ಬಿಟ್ಟೂಬಿಡದೆ ಚಹಾ ಕುಡಿಸಿದವರಿಂದ ತಪ್ಪಿಸಿಕೊಂಡು ಅಂಬಾರಾಯ ಯಾರ್ಡಿನ ದಾರಿ ಹಿಡಿದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ. 'ಅಪ್ಪ, ನನಗ ಡಾಕ್ಟರ್ ಆಗೋದು ಬ್ಯಾಡ. ಯಾರ್ಡಿಗಿ ಬರ್ತೀನಿ.' ಇಷ್ಟೇ. ಬೆಂಜೀನಿಗಿಂತ ಸುಲಭ. ಗೇಟು ದಾಟುವ ಹೊತ್ತಿಗೆ ಅದು ಕಲ್ಲಿನ ಮೇಲೆ ಕಡೆದಂತೆ ನಾಲಿಗೆಯ ಮೇಲೆ ಕುಳಿತಿತ್ತು.

ಯಾರ್ಡಿನಲ್ಲಿ ಮಷಿನ್ ನಿಂತಿತ್ತು. ಆಳುಗಳೆಲ್ಲ ಗುಂಪಾಗಿ ನಗುತ್ತಿದ್ದರು. ದೇವಿಂದ್ರಪ್ಪ ಮಗನನ್ನು ಕಂಡವನೇ ಎದ್ದು ಬಂದು, ಹೆಗಲ ಮೇಲೆ ಕೈ ಹಾಕಿ, ಪಾಲಿಷ್ ಆದ ಕಲ್ಲುಗಳ ಸಾಲಿನ ಕಡೆ ನಡೆದ. ಅಪ್ಪನ ಕೈ ಅಷ್ಟು ಭಾರವಾಗಿರುತ್ತದೆಂದು ಅಂಬಾರಾಯನಿಗೆ ಗೊತ್ತಿರಲಿಲ್ಲ.

"ಅಪ್ಪ..."

"ನೀ ತಡಿ. ನಾನು ಹೇಳ್ತೀನಿ. ಇಷ್ಟು ವರ್ಷ ಹೇಳಿಲ್ಲ." ದೇವಿಂದ್ರಪ್ಪ ಒಂದು ಕಲ್ಲಿನ ಮೇಲಿನ ಧೂಳು ಒರೆಸಿದ. ಇಬ್ಬರ ಮುಖವೂ ಅದರಲ್ಲಿ ಕಂಡಿತು. "ನೀ ಹುಟ್ಟಿದಾಗಿಂದ ನನಗ ಒಂದೇ ಆಸೆ ಇತ್ತು. ಈ ಯಾರ್ಡ್ ನೀ ನಡಸಬೇಕು ಅಂತ. ಆದ್ರ ನಿನಗ ಡಾಕ್ಟರಿನೇ ಬೇಕಂತ ಓಣಿ ಮಂದಿ ಎಲ್ಲಾ ಅಂದ್ರು. ಮಗನ ಆಸೆಗಿ ನಾ ಯಾಕ ಅಡ್ಡ ಬರಲಿ ಅಂತ ಸುಮ್ಮನಿದ್ದೆ."

ಅಂಬಾರಾಯನ ಬಾಯಿ ತೆರೆಯಿತು.

"ನಮ್ಮ ಮಷಿನ್ ನಡಸೋ ಸರ್ದಾರ ಕೇಳಾಕತ್ತು ಭಾಳ ದಿನ ಆತು, ಯಾರ್ಡ್ ನನಗ ಕೊಡ್ರಿ ಅಂತ. ಚಿಕ್ಕಂದಿನಿಂದ ನನ್ನ ಕೂಡ ದುಡದಾನ. ಆದ್ರೂ ಮನಸ್ಸು ಒಪ್ಪಿರಲಿಲ್ಲ. ನೀ ಒಂದಿನ ಬಂದು, 'ಅಪ್ಪ, ಯಾರ್ಡಿಗಿ ಬರ್ತೀನಿ' ಅಂತೀಯೇನೋ ಅಂತ ಕಾದೆ. ಇವತ್ತ ಗನಿಸಾಬ ಬಂದು ಕಪ್ಪಿ ಸುದ್ದಿ ಹೇಳಿದ. ಆಗ ತಿಳೀತು, ನಿನ್ನ ಜೀವ ಎಲ್ಲಿ ಅದ ಅಂತ. ಈಗ ಐದು ಮಂದಿ ಮುಂದ ಸರ್ದಾರಗ ಮಾತು ಕೊಟ್ಟೆ. ಎಲಿ ಅಡಕಿ ಹಂಚಿ ಆತು."

ಮದುವೆಗೂ, ಮನೆಗೂ, ಯಾರ್ಡಿಗೂ ಆ ಸೀಮೆಯಲ್ಲಿ ಮಾತು ಅಂದರೆ ಅದೇ. ಐದು ಮಂದಿಯ ಎದುರು ಬಾಯಿಗೆ ಬಿದ್ದ ಅಡಕೆಯನ್ನು ಯಾರೂ ತಿರುಗಿ ಕೇಳುವುದಿಲ್ಲ.

"ಅಪ್ಪ, ಅದು..."

ಅಷ್ಟರಲ್ಲಿ ಸರ್ದಾರ ಓಡಿ ಬಂದ. ಕಲ್ಲಿನ ಪುಡಿಯಿಂದ ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿದ್ದವನ ಮುಖದಲ್ಲಿ ಹಲ್ಲು ಮಾತ್ರ ನಗುತ್ತಿದ್ದವು. "ಡಾಕ್ಟರ್ ಸಾಬ್, ಬಾಯಿ ತೆಗೀರಿ! ನಿಮ್ಮಿಂದನೇ ನನಗ ಯಾರ್ಡ್ ಸಿಕ್ತು!" ಎಂದು, ಆಗಲೇ ತೆರೆದಿದ್ದ ಬಾಯಿಗೆ ಹಿಡಿ ತುಂಬ ಸಕ್ಕರೆ ಸುರಿದ.

ಸಕ್ಕರೆ ಕರಗಲು ಬಹಳ ಹೊತ್ತು ಹಿಡಿಯಿತು. ದೇವಿಂದ್ರಪ್ಪ ಇನ್ನೂ ಅಲ್ಲೇ ನಿಂತಿದ್ದ. ಜೀವಮಾನದಲ್ಲಿ ಅಷ್ಟು ಮಾತಾಡಿ ಸುಸ್ತಾದವನಂತೆ, ಮಗ ಏನಾದರೂ ಹೇಳಿಯಾನೆಂದು ಅವನ ಮುಖವನ್ನೇ ನೋಡುತ್ತಿದ್ದ. ಮಷಿನ್ ಮತ್ತೆ ಶುರುವಾಯಿತು.

ತಾನು ಡಾಕ್ಟರಾಗುತ್ತೇನೆಂದು ಯಾವತ್ತೂ ಯಾರಿಗೂ ಹೇಳಿರಲಿಲ್ಲವೆಂಬುದನ್ನು ಅಂಬಾರಾಯ ಅಪ್ಪನಿಗೆ ಹೇಳಲಿಲ್ಲ.