ಮಾಮಾನ ಬಂಗಾರದ ಗೋಡೆ

ನಮ್ಮ ಸೋದರಮಾವ ಸುಳ್ಳುಗಾರರಲ್ಲ. ಆದರೆ ಅವರ ಅತಿ ದೊಡ್ಡ ಸತ್ಯಕ್ಕೆ ಇರುವ ಏಕೈಕ ಸಾಕ್ಷಿ ನಾನು. ನನಗೋ ನನ್ನ ನೆನಪಿನ ಮೇಲೇ ನಂಬಿಕೆಯಿಲ್ಲ!

ಮಾಮಾ ಮಚ್ಛೆ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಮಶೀನಿನ ಮೇಲೆ ಕಬ್ಬಿಣದ ಬಿಡಿಭಾಗ, ಅವರ ಮಾತಲ್ಲಿ ‘ಜಾಬ್’, ಕಡೆದವರು. ಕೂದಲೆಳೆಯ ದಪ್ಪ ಅಳೆಯುವ ವರ್ನಿಯರ್ ಸದಾ ಕಿಸೆಯಲ್ಲಿ. ನನ್ನ ಹೆಂಡತಿ ಮದುವೆಯಾಗಿ ಬಂದ ವಾರ ಬಡಿದ ರೊಟ್ಟಿಗೂ ಅದನ್ನು ಹಚ್ಚಿ, “ನಡುವ ಎರಡು ಮಿಲಿಮೀಟರ್, ಅಂಚಿಗೆ ಮೂರು. ಜಾಬ್ ರಿಜೆಕ್ಟ್ ಅವ್ವಾ!” ಎಂದರು.

“ಹಂಗಾರ ಇವತ್ತ ವರ್ನಿಯರನ ತಿನ್ರಿ ಮಾಮಾ,” ಎಂದಳು ಆಕೆ.

ಇಂಥ ಮನುಷ್ಯ ಮದುವೆಮನೆಗಳಲ್ಲಿ ಸಾರುತ್ತಿದ್ದದ್ದೇನು? ಖಾನಾಪುರದ ಕಾಡಿನ ಗವಿಯೊಳಗೆ ಬಂಗಾರದ ಗೋಡೆಯಿದೆ! ಆರು ವರ್ಷದ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದ್ದರಂತೆ. ನನಗೂ ನೆನಪಿದೆ: ಕತ್ತಲು, ಸಾವಿರ ಕಣ್ಣು ತೆರೆದಂಥ ಹೊಳಪು. ಕಂಡದ್ದೋ, ಕೇಳಿ ಕೇಳಿ ಕಟ್ಟಿಕೊಂಡದ್ದೋ? ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿ ಬಂದವನು ನೆಂಟರೆದುರು, “ಅದು ಮಗುವಿನ ಕಲ್ಪನೆ,” ಎಂದು ತೀರ್ಪು ಕೊಟ್ಟೆ. ಎಲ್ಲರೂ ನಕ್ಕರು. ಮಾಮಾ ಮತ್ತೆ ಆ ಮಾತೆತ್ತಲಿಲ್ಲ.

ಹೋದ ತಿಂಗಳು ಪೀರನವಾಡಿಯ ಅವರ ಮನೆಗೆ ಹೋದಾಗ ರೊಟ್ಟಿಯನ್ನು ಬೆರಳಲ್ಲೇ ಸವರುತ್ತಿದ್ದರು.

“ವರ್ನಿಯರ್ ಎಲ್ಲೈತಿ ಮಾಮಾ?”

“ಅದರ ಗೀಟೆಲ್ಲಾ ಅಳಿಸಿ ಹೋಗ್ಯಾವ. ನಾಳಿ ಗವಿಗೆ ಹೋಗೂಣು. ಇದ್ದ ಒಬ್ಬ ಸಾಕ್ಷಿನೂ ಫಿತೂರ ಆಗ್ಯಾನ!”

ಕಾಡಿನ ಹಾದಿಯುದ್ದಕ್ಕೂ, ನಡು ಮಧ್ಯಾಹ್ನದ ಬಿಸಿಲಲ್ಲಿ, ನನ್ನ ಹೆಗಲು ಹಿಡಿದೇ ನಡೆದರು. “ಮೊಣಕಾಲು ಸವದಾವಪಾ.” ಗವಿಯ ಬಾಯಲ್ಲಿ ಚಪ್ಪಲಿ ಬಿಟ್ಟು, “ಒಳಗ ಬರ್ತೀವ್ರೀ!” ಎಂದು ಕೂಗಿದರು.

“ಯಾರಿಗೆ ಮಾಮಾ?”

“ಬಾವಲಿಗೋಳಿಗೆ. ಮನಿ ಅವರದಲ್ಲಾ!”

ಕೂಗು ತಡವಾಗಿ ಮರಳಿತು. ಅದು ಮಾಮಾನ ದನಿಯಂತಿರಲಿಲ್ಲ.

ಲಾವಾ ಹರಿದು ಬರಿದಾದ ಕೊಳವೆಯದು. ಭೂಮಿ ಏನನ್ನೋ ನುಂಗಿ ಗಂಟಲು ಮುಚ್ಚುವುದನ್ನೇ ಮರೆತಂತೆ. ನಾನು ಬ್ಯಾಟರಿ ಹಿಡಿದೂ ಎಡವುತ್ತಿದ್ದೆ. ಮಾಮಾ ನನ್ನ ಹೆಗಲು ಬಿಟ್ಟು, ಗೋಡೆಗೆ ಬೆರಳಿಟ್ಟು, ಕತ್ತಲೊಳಗೆ ಸರಸರ ನಡೆದುಬಿಟ್ಟರು! ಹೆಜ್ಜೆ ಎಣಿಸುವ ದನಿಯಷ್ಟೇ ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು. ಕುತ್ತಿಗೆಗೆ ಹನಿಯೊಂದು ಬಿತ್ತು, ಯಾರೋ ಮುಟ್ಟಿದಂತೆ. ಇಷ್ಟು ಓದಿದವನು ಬೆವೆತುಹೋದೆ!

“ಮಾಮಾ!”

“ಇಲ್ಲೇ ಅದೀನಿ.” ದನಿ ಕಿವಿಯ ಪಕ್ಕದಲ್ಲೇ ಬಂತು. “ಹೊಳೀತೈತೇನು?”

ಬೆಳಕು ಹಾಯಿಸಿದೆ. ಬರೀ ಕಪ್ಪು ಕಲ್ಲು. “ಇಲ್ಲ ಮಾಮಾ.”

“ಸೊಂಟದ ಮಟ್ಟಕ್ಕ ಹಿಡದಿಯೇನು ಬ್ಯಾಟರಿ? ಜಾಬಿನ ಮ್ಯಾಲಿನ ಗೀರು ನೋಡಾಕ ಬೆಳಕ ಕಣ್ಣಿನ ಬಾಜೂಕ ಹಿಡೀಬೇಕೋ ಶಾಣ್ಯಾ!”

ಬ್ಯಾಟರಿಯನ್ನು ಕಿವಿಗೆ ಆನಿಸಿದೆ. ಗೋಡೆ ಕಣ್ಣು ತೆರೆಯಿತು! ಕಲ್ಲಿಗಂಟಿದ ಬ್ಯಾಕ್ಟೀರಿಯಾದ ತೆಳು ಪದರ. ಅದರ ಮೇಲಿನ ನೀರಹನಿಗಳು ಬೆಳಕನ್ನು ಬಂದ ದಾರಿಗೇ ತಿರುಗಿಸುತ್ತವೆ. ಗೊತ್ತಿದ್ದೂ ಮೈ ಜುಮ್ಮೆಂದಿತು. ಅದೇ ಸಾವಿರ ಕಣ್ಣುಗಳು, ನನ್ನ ಗುರುತು ಹಿಡಿದಂತೆ ನೋಡುತ್ತಿದ್ದವು.

“ಹೊಳೀಲಿಕತ್ತೈತಿ ಮಾಮಾ! ಖರೇನ ಬಂಗಾರ! ನೋಡ್ರಿ!”

“ತಳದಾಗ ಬೆಳ್ಳಿ ಬಣ್ಣ ಇತ್ತು. ಐತೇನು?”

ತಿರುಗಿದೆ. ಬೆಳಕು ನೇರ ಅವರ ಕಣ್ಣಿಗೇ ಬಿತ್ತು. ರೆಪ್ಪೆ ಅಲುಗಲಿಲ್ಲ. ಮಾಮಾ ನಗುತ್ತಲೇ ಇದ್ದರು.

“ಐತ್ರಿ,” ಎಂದೆ. ಬಳಿಕ ಹನಿ ಹನಿಯನ್ನೂ ವರ್ಣಿಸಿದೆ. ಅವರು ಒಂದನ್ನೂ ರಿಜೆಕ್ಟ್ ಮಾಡಲಿಲ್ಲ.

ಮರಳುವಾಗಲೂ ಅವರೇ ಮುಂದೆ. ನಾನು ಅವರ ಅಂಗಿಯ ಚುಂಗು ಹಿಡಿದು ಹಿಂದೆ. ಗವಿಯ ಬಾಯಲ್ಲಿ ಬಿಸಿಲು ಮುಖಕ್ಕೆ ಬಡಿದದ್ದೇ ನಿಂತುಬಿಟ್ಟರು. ಕಾಲಿನಿಂದ ಚಪ್ಪಲಿ ತಡಕಾಡಿದರು. ಕೂತು ತೊಡಿಸಿದೆ.

“ಕಣ್ಣಿಂದು ಮನ್ಯಾಗ ಹೇಳಬ್ಯಾಡ,” ಎಂದು ಕೈ ಚಾಚಿದರು. “ನನ್ನ ಶಿಫ್ಟ್ ಮುಗೀತು. ಇಲ್ಲಿಂದ ನಿಂದು.”