ಫೋರ್ತ್ ಸೀಟಿನಿಂದ ಹಾರಿಸಿದ ಛರ್ರಾ

ಓಡುತ್ತಾ ಓಡುತ್ತಾ ಗುರಿ ಹೊಡೆಯುವ ಪಿಸ್ತೂಲು ಪಂದ್ಯವನ್ನು ಇಡೀ ದೇಶದಲ್ಲಿ ಮೊತ್ತಮೊದಲು ಶುರು ಮಾಡಿದವನು ನಾನು.

ಸುಳ್ಳು. ಶುರು ಮಾಡಿದವರು ಹವಾಲ್ದಾರ್ ಕಾಕಾ ಮತ್ತು ಬ್ಯಾಂಕಿನ ಗುಮಾಸ್ತ. ನಾನು ಅದನ್ನು ಕೆಡಿಸಿದವನು. ಆದರೆ ಕೆಡಿಸುವುದಕ್ಕೂ ಒಬ್ಬ ಬೇಕಲ್ಲ ಮಾರಾಯ್ರೆ. ಗಂಭೀರ ಮುಖದ ನಾಲ್ಕು ಜನ ಪಿಸ್ತೂಲಿನ ಸುತ್ತ ಸೇರಿದ ಕಡೆ ಏನಾದರೊಂದು ನಗೆಪಾಟಲು ಆಗದೆ ಇರುವುದಿಲ್ಲ. ನಾನು ಹತ್ತಿರ ಇದ್ದರೆ ಅದು ಸ್ವಲ್ಪ ಬೇಗ ಆಗುತ್ತದೆ, ಅಷ್ಟೇ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಕಣ್ಣು ಬಿಡುತ್ತಿದ್ದ ಕಾಲ. ನಾನು ಉಡುಪಿ ಕಡೆಯವನು, ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಒಂದು ಕಾರ್ಖಾನೆಯ ಸಾಮಾನು ಮಾರಲು ದಿನಾ ಲೋಕಲ್ ರೈಲು ಹಿಡಿದು ಮುಂಬಯಿಗೆ ಹೋಗಿ ಬರುತ್ತಿದ್ದೆ. ಹವಾಲ್ದಾರ್ ಕಾಕಾ ಬೆಳಗಾವಿ ಕಡೆಯವರು. ಫೌಜಿನಿಂದ ನಿವೃತ್ತರಾಗಿ ಅದೇ ಕಾರ್ಖಾನೆಯ ಕಾವಲುಗಾರರ ಮೇಲೆ ಸಾಹೇಬರಾಗಿದ್ದರು. ಅವರಲ್ಲಿ ಒಂದು ಏರ್ ಪಿಸ್ತೂಲಿತ್ತು. ಒಂದೊಂದು ಸಲವೂ ಅದರ ನಳಿಗೆಯನ್ನು ಮಡಚಿ, ಬೇಳೆಕಾಳಿನಷ್ಟು ಸೀಸದ ಛರ್ರಾ ತುರುಕಿ, ಮತ್ತೆ ನೇರ ಮಾಡಿ ಹೊಡೆಯಬೇಕು. ಭಾನುವಾರ ಕಾರ್ಖಾನೆಯ ಹಿಂದಿನ ಮಣ್ಣಿನ ದಿಬ್ಬದ ಎದುರು ಡಬ್ಬದ ಮುಚ್ಚಳಗಳನ್ನು ನೇತುಹಾಕಿ ಅವರು ನಮಗೆ ಗುರಿ ಕಲಿಸುತ್ತಿದ್ದರು. ಸುತ್ತಲಿನ ಕಾರ್ಖಾನೆಗಳ ಕೆಮಿಕಲ್ ವಾಸನೆಯಲ್ಲಿ ಉಸಿರು ಬಿಗಿಹಿಡಿಯುವುದನ್ನು ಯಾರೂ ನಮಗೆ ಬೇರೆ ಹೇಳಿಕೊಡಬೇಕಾಗಿರಲಿಲ್ಲ.

ಬ್ಯಾಂಕಿನ ಗುಮಾಸ್ತ ಧಾರವಾಡದವನು, ನಮ್ಮ ಚಾಳಿನವನೇ, ಒಂದೇ ವಠಾರ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಹುಮ್ಮಸ್ಸು. ಒಂದು ದಿನ ಅವನಿಗೆ ರದ್ದಿ ಅಂಗಡಿಯಲ್ಲಿ ವಿದೇಶದ ಮಾಸಪತ್ರಿಕೆಯೊಂದು ಸಿಕ್ಕಿತು. ಅದರ ಚಿತ್ರಗಳಲ್ಲಿ ಜನ ಸೊಂಟದ ಚರ್ಮದ ಚೀಲದಿಂದ ಪಿಸ್ತೂಲು ಎಳೆದು, ಬಾಗಿಲು ತಳ್ಳಿ, ಗೋಡೆಯ ಸಂದಿಯಿಂದ, ಮಂಡಿಯೂರಿ, ಓಡಿ ಹೊಡೆಯುತ್ತಿದ್ದರು. ಎಷ್ಟು ಬಿತ್ತು ಅನ್ನುವುದು ಮಾತ್ರವಲ್ಲ, ಎಷ್ಟು ಬೇಗ ಬಿತ್ತು ಅನ್ನುವುದೂ ಲೆಕ್ಕಕ್ಕೆ. ನಾವೂ ಹೀಗೇ ಆಡೋಣ ಎಂದು ಅವನು ಹಟ ಹಿಡಿದ. ಕಾಕಾ ಮೂಗು ಮುರಿದರು, ಆಮೇಲೆ ಒಪ್ಪಿದರು. ಗಡಿಯಾರ ಹಿಡಿಯಲು ಅವರ ಮಗಳು ಬಂದಳು. ಠಾಣೆ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದವಳು, ಸ್ಪಷ್ಟ ದನಿ. ಅವಳು "ಶುರು" ಅನ್ನುವುದನ್ನು ಕೇಳಲಿಕ್ಕಾಗಿಯೇ ನಾನು ಯಾವ ಭಾನುವಾರವನ್ನೂ ತಪ್ಪಿಸಲಿಲ್ಲ.

ಗೋಡೆಯಿಲ್ಲದ ಬಾಗಿಲು

ಪತ್ರಿಕೆಯಲ್ಲಿ ಬಾಗಿಲಿತ್ತು, ಹಾಗಾಗಿ ನಮಗೂ ಬಾಗಿಲು ಬೇಕು. ನಮ್ಮ ಚಾಳಿನ ಸಾರ್ವಜನಿಕ ಕಕ್ಕಸಿಗೆ ಆಗಷ್ಟೇ ಹೊಸ ಬಾಗಿಲು ಬಂದಿತ್ತು. ಹಳೆಯದನ್ನು ಚೌಕಟ್ಟಿನ ಸಮೇತ ಹೊತ್ತು ತಂದು ಬಯಲಿನಲ್ಲಿ ನಿಲ್ಲಿಸಿದೆವು. ಸುತ್ತ ಗೋಡೆಯಿಲ್ಲ, ಮೇಲೆ ಸೂರಿಲ್ಲ, ಬರೀ ಬಾಗಿಲು. ಓಡಿ ಬರಬೇಕು, ಬಾಗಿಲು ತಳ್ಳಬೇಕು, ಆಚೆ ಸ್ಟೂಲಿನ ಮೇಲಿಟ್ಟ ಪಿಸ್ತೂಲು ತೆಗೆದುಕೊಂಡು ಮುಚ್ಚಳ ಬೀಳಿಸಬೇಕು.

ಗುಮಾಸ್ತನ ಸರದಿ ಬಂದಾಗ ನಾನು ಮೆಲ್ಲಗೆ ಬಾಗಿಲಿನ ಆಚೆ ಹೋಗಿ ಚಿಲಕ ಹಾಕಿಕೊಂಡೆ. ಹುಡುಗಿ "ಶುರು" ಅಂದಳು. ಗುಮಾಸ್ತ ಎಮ್ಮೆ ನುಗ್ಗಿದ ಹಾಗೆ ಓಡಿ ಬಂದು ಬಾಗಿಲು ತಳ್ಳಿದ. ನಾನು ಒಳಗಿನಿಂದ, ಒಳಗೆ ಅಂತ ಒಂದಿದ್ದರೆ, ಗಂಟಲು ಸರಿಮಾಡಿ ಒಂದು ಕೆಮ್ಮು ಕೆಮ್ಮಿದೆ.

ಚಾಳಿನಲ್ಲಿ ಬೆಳಗ್ಗೆ ಡಬ್ಬ ಹಿಡಿದು ಸಾಲಿನಲ್ಲಿ ನಿಂತವರಿಗೆ ಆ ಕೆಮ್ಮಿನ ಅರ್ಥ ಗೊತ್ತು. ಗುಮಾಸ್ತ ಹಿಂದೆ ಸರಿದು, ಕೈಕಟ್ಟಿ, ಆಕಾಶ ನೋಡುತ್ತಾ ನಿಂತ. ಗಡಿಯಾರ ಓಡುತ್ತಲೇ ಇತ್ತು. ಕಾಕಾ ದೂರದಿಂದ ಕೂಗಿದರು, "ಯಾಕ್ ನಿಂತೀಯೋ?"

"ಒಳಗ ಯಾರೋ ಅದಾರ್ರೀ ಕಾಕಾ," ಅಂದ ಗುಮಾಸ್ತ, ಸಾಲಿನಲ್ಲಿ ನಿಂತವನ ತಾಳ್ಮೆಯಿಂದ.

ಎಣ್ಣೆ ಕುಡಿದ ಚರ್ಮ

ಗುಮಾಸ್ತನಿಗೆ ಆಮೇಲೆ ಸಾಮಾನಿನ ಹುಚ್ಚು ಹಿಡಿಯಿತು. ಗುರಿ ತಪ್ಪುವುದು ತನ್ನಿಂದಲ್ಲ, ಸಾಮಾನಿನಿಂದ ಎಂದು ಅವನ ನಂಬಿಕೆ. ಚಿತ್ರ ಹರಿದುಕೊಂಡು ಉಲ್ಹಾಸನಗರಕ್ಕೆ ಹೋದ. ಏನು ತೋರಿಸಿದರೂ ಅದರ ಅವಳಿ ಮಾಡಿಕೊಡುವ ಊರದು. ಅಲ್ಲಿನ ಒಬ್ಬ ಅಂಥದೇ ಬೆಲ್ಟು ಮತ್ತು ಪಿಸ್ತೂಲಿನ ಚೀಲ ಹೊಲಿದುಕೊಟ್ಟ. ನೋಡಲು ರಾಜಠೀವಿ. ಆದರೆ ಮಳೆಗಾಲದಲ್ಲಿ ಚರ್ಮ ಉಬ್ಬಿ ಪಿಸ್ತೂಲನ್ನು ಹಿಡಿದರೆ ಬಿಡಲೊಲ್ಲದು. ಒಮ್ಮೆ ಗುಮಾಸ್ತ ಎಳೆದ ರಭಸಕ್ಕೆ ತಾನೇ ಒಂದು ಸುತ್ತು ತಿರುಗಿದ. ಕಾಕಾ ಮಾತ್ರ ಪಿಸ್ತೂಲನ್ನು ಹಳೆಯ ತರಕಾರಿ ಚೀಲದಲ್ಲಿಟ್ಟುಕೊಂಡು ಬಂದು, ಮೆಂತ್ಯೆ ಸೊಪ್ಪು ತೆಗೆದಷ್ಟೇ ಸಲೀಸಾಗಿ ತೆಗೆದು ಹೊಡೆಯುತ್ತಿದ್ದರು.

ಚರ್ಮಕ್ಕೆ ಎಣ್ಣೆ ಹಚ್ಚು ಎಂದು ಸಲಹೆ ಕೊಟ್ಟವನು ನಾನೇ. ಎಣ್ಣೆಯನ್ನೂ ನಾನೇ ತಂದುಕೊಟ್ಟೆ, ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಿಂದ. ಬೆಳಗಿನಿಂದ ಬಟಾಟೆ ವಡೆ ಕರಿದು ಪರಿಪಕ್ವವಾದ ಎಣ್ಣೆ. ಭಾನುವಾರ ಗುಮಾಸ್ತ ಅದನ್ನು ಕಟ್ಟಿಕೊಂಡು ಚಾಳಿನಿಂದ ಹೊರಟರೆ ಅವನ ಹಿಂದೆ ಎಂಐಡಿಸಿಯ ನಾಯಿಗಳೆಲ್ಲ ಮೆರವಣಿಗೆ. ಬಯಲಿಗೆ ಬಂದವನು ಬೆವರು ಒರೆಸಲು ಬೆಲ್ಟು ಬಿಚ್ಚಿ ಸ್ಟೂಲಿನ ಮೇಲಿಟ್ಟ. ಪಿಸ್ತೂಲು ಇನ್ನೂ ಕಾಕಾನ ಚೀಲದಲ್ಲೇ ಇದ್ದದ್ದು ಪುಣ್ಯ. ಕಂದು ಬಣ್ಣದ ನಾಯಿಯೊಂದು ಬಂದು, ಬೆಲ್ಟು ಕಚ್ಚಿ, ಬಾಗಿಲಿನ ಸಂದಿಯಲ್ಲಿ ತೂರಿ, ದಿಬ್ಬ ಹತ್ತಿ ಮಾಯವಾಯಿತು.

ಹುಡುಗಿ ಗಡಿಯಾರ ನೋಡಿ, ಇವತ್ತು ಎಲ್ಲರಿಗಿಂತ ಕಡಿಮೆ ಹೊತ್ತು ತೆಗೆದುಕೊಂಡದ್ದು ಈ ನಾಯಿಯೇ ಎಂದು ಘೋಷಿಸಿದಳು. ಅವತ್ತೇ ನನಗೆ ಅನಿಸಿತು, ಇವಳು ಬರೀ ಗಡಿಯಾರ ಹಿಡಿಯುವವಳಲ್ಲ.

ನಳಿಗೆಯಿಂದ ಹೊರಟ ಫೌಜು

ಬೆಲ್ಟು ಹೋದ ಮೇಲೆ ಗುಮಾಸ್ತ ಛರ್ರಾಗಳನ್ನು ಒಂದು ಪುಟ್ಟ ಡಬ್ಬಿಯಲ್ಲಿಟ್ಟು ಕುತ್ತಿಗೆಗೆ ಕಟ್ಟಿಕೊಂಡ. ಕಣ್ಣು ಗುರಿಯ ಮೇಲೆ, ಬೆರಳು ಡಬ್ಬಿಯೊಳಗೆ, ನೋಡದೆಯೇ ತುಂಬುವ ಅಭ್ಯಾಸ. ಒಳ್ಳೆಯ ಉಪಾಯ ಅದು, ನನಗೆ ಹೊಟ್ಟೆಕಿಚ್ಚಾಯಿತು. ಹೋಟೆಲಿನ ಗಲ್ಲಾದ ಮೇಲೆ ಬಣ್ಣದ ಸಕ್ಕರೆ ಮೆತ್ತಿದ ಬಡೇಸೋಪು ಇಟ್ಟಿರುತ್ತಾರಲ್ಲ, ಅದನ್ನೊಂದು ಮುಷ್ಟಿ ತಂದು ಡಬ್ಬಿಯಲ್ಲಿ ಛರ್ರಾಗಳ ಮೇಲೆ ಸುರಿದೆ.

ಗುಮಾಸ್ತ ನೋಡದೆಯೇ ತುಂಬಿದ, ಹೊಡೆದ. ಒಂದು ಮುಚ್ಚಳವೂ ಅಲುಗಲಿಲ್ಲ. ಗಾಳಿ ಜಾಸ್ತಿಯಿದೆ ಅಂದ. ಮತ್ತೆ ಹೊಡೆದ. ಪಿಸ್ತೂಲು ಹಳೆಯದಾಯಿತು ಅಂದ. ಕೊನೆಗೆ ಬೇಜಾರಾಗಿ ಬೆರಳು ನೆಕ್ಕಿದಾಗ ಅವನ ಮುಖ ಅರಳಿತು, ಆಮೇಲೆ ಕೆಂಪಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ಭಾನುವಾರ ಕಾಕಾ ಎಲ್ಲರ ಎದುರು ಪಿಸ್ತೂಲನ್ನು ತೆಗೆದು ನಳಿಗೆ ಮಡಚಿದರೆ, ಅದರೊಳಗಿಂದ ಇರುವೆಗಳು ಸಾಲಾಗಿ ಹೊರಬಂದವು. ಶಿಸ್ತಿನ ಸಾಲು. ಕಾಕಾ ಕೊನೆಯ ಇರುವೆ ಇಳಿಯುವ ತನಕ ಪಿಸ್ತೂಲನ್ನು ಅಲುಗಿಸದೆ ಹಿಡಿದುಕೊಂಡಿದ್ದು, ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, "ಜೀವಮಾನ ಫೌಜಿನ್ಯಾಗ ಕಳದೀನಿ. ನಳಿಗ್ಯಾಗಿಂದ ಫೌಜ ಹೊರಗ ಬಂದದ್ದು ಇವತ್ತ ನೋಡಿದೆ."

ಕಾಕಾನ ಷರತ್ತು

ನನ್ನ ಗ್ರಹಚಾರ ನೋಡಿ. ಅದೇ ವಾರ ನಾನು ಅವರ ಮನೆಗೆ ಹೆಣ್ಣು ಕೇಳಲು ಹೋಗಬೇಕೆಂದು ನಿಶ್ಚಯವಾಗಿತ್ತು. ನಿಶ್ಚಯ ಮಾಡಿದವಳು ಕಾಕಾನ ಮಗಳೇ, ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ, ಲೇಡೀಸ್ ಬೋಗಿ ಬಂದು ನಿಲ್ಲುವ ಜಾಗದಲ್ಲಿ. ಹೋದೆ. ಕಾಕಾ ಅಂಗಳದಲ್ಲಿ ಪಿಸ್ತೂಲು ಬಿಚ್ಚಿ ಸಕ್ಕರೆ ಕೆರೆಯುತ್ತಾ ಕೂತಿದ್ದರು.

ನಮ್ಮದು ಕುಚ್ಚಲಕ್ಕಿ, ನಿಮ್ಮದು ಜೋಳದ ರೊಟ್ಟಿ, ಆದರೂ ಹೊಂದಿಕೊಂಡು ಹೋಗುತ್ತೇವೆ ಎಂದೆಲ್ಲ ನಾನು ತಯಾರಿ ಮಾಡಿಕೊಂಡು ಹೋದದ್ದನ್ನು ಒಪ್ಪಿಸಿದೆ. ಅವರಿಗೆ ಅಕ್ಕಿಯದೂ ಜೋಳದ್ದೂ ತಕರಾರಿರಲಿಲ್ಲ.

"ಉಡುಪಿ," ಅಂದರು. ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. "ಕಲ್ಯಾಣದವರ ಕೂಡ ಮ್ಯಾಚ್ ಐತಿ. ಆ ಒಂದು ದಿನ ಕೀಟಲಿ ಇಲ್ಲದ ಆಡಿ ತೋರಸು. ಆಮ್ಯಾಲೆ ಮಾತು. ಒಂದ ಒಂದು ಕೀಟಲಿ ಆತು ಅಂದರ, ಈ ಮನಿ ಕಡೆ ಬರಬ್ಯಾಡ."

ನಗಬೇಡಿ. ಒಂದು ದಿನ ಅಂದರೆ ಸುಲಭ ಅಂದುಕೊಂಡಿರಾ? ನಾನು ಅದಕ್ಕೆ ಮನೆಯಲ್ಲಿ ಅಭ್ಯಾಸ ಮಾಡಿದ್ದೇನೆ.

ಫೋರ್ತ್ ಸೀಟು

ಕಲ್ಯಾಣದವರು ಹತ್ತಿರದ ಜಂಕ್ಷನ್ನಿನ ರೈಲ್ವೆ ಕಾಲೊನಿಯ ಜನ, ಗುರಿಯಲ್ಲಿ ನಮಗಿಂತ ಗಟ್ಟಿ. ಕೊನೆಯ ಆಟ ಏನಿರಬೇಕೆಂದು ಗೊತ್ತುಮಾಡುವ ಹಕ್ಕು ಮಾತ್ರ ನಮ್ಮದು. ನಾನು ಒಂದು ಯೋಚನೆ ಹೇಳಿದೆ: ಲೋಕಲಿನ ಫೋರ್ತ್ ಸೀಟು. ಮೂವರಿಗೆ ಮಾಡಿದ ಬೆಂಚಿನ ತುದಿಯಲ್ಲಿ ನಾಲ್ಕನೆಯವನು ಅರ್ಧ ಅಂಡು ಊರಿ, ಉಳಿದರ್ಧವನ್ನು ಗಾಳಿಗೆ ಬಿಟ್ಟು, ಒಂದು ಕಾಲಿನ ಬಲದಲ್ಲಿ ಕೂರುತ್ತಾನಲ್ಲ, ಅಲ್ಲಿಂದ ಐದು ಮುಚ್ಚಳ ಬೀಳಿಸಬೇಕು. ಇದು ಕೀಟಲೆಯೋ ಎಂದು ಕಾಕಾ ಬಹಳ ಹೊತ್ತು ಯೋಚಿಸಿ, ಅಲ್ಲ, ಖರೇ ಪರೀಕ್ಷೆ ಎಂದು ತೀರ್ಪು ಕೊಟ್ಟರು.

ಬೆಂಚಿನಲ್ಲಿ ಕೂರಲು ಗುಮಾಸ್ತನೂ ಅವನದೇ ಗಾತ್ರದ ಇನ್ನಿಬ್ಬರೂ ಸಿದ್ಧರಾದರು. ಮೂವರೂ ನಮ್ಮ ಬೆಳಗಿನ ಲೋಕಲಿನವರು. ನಮ್ಮ ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಡೊಂಬಿವಲಿಯಿಂದ ಕೂತು ಬಂದವರು, ಠಾಣೆ ಸ್ಟೇಷನ್ ಬಂತು ಎಂದು ಯಾರಾದರೂ ಮರಾಠಿಯಲ್ಲಿ ಕೂಗಿದ ಕೂಡಲೇ ಎದ್ದು, ನಿಂತು ಬಂದವರಿಗೆ ಜಾಗ ಬಿಡಬೇಕು. ನಿದ್ದೆಯಲ್ಲಿದ್ದರೂ ಏಳಬೇಕು. ಈ ಮಾತು ನೆನಪಿರಲಿ.

ಕಲ್ಯಾಣದವರಿಗೆ ಕಲ್ಯಾಣದಿಂದಲೇ ಹೊರಡುವ ಗಾಡಿ ಇರುತ್ತದೆ, ಕಿಟಕಿ ಸೀಟು ಅಭ್ಯಾಸ. ಅವರ ಅತಿರಥ ಬಂದು ಬೆಂಚಿನ ಮುಂದೆ ನಿಂತು, "ಜರಾ ಸರಕೋ ಭಾಯಿಸಾಬ್" ಎಂದು ವಿನಯದಿಂದ ಜಾಗ ಕೇಳಿ ಕಾದ. ಫೋರ್ತ್ ಸೀಟನ್ನು ಯಾರಾದರೂ ಕೇಳಿ ಪಡೆಯುತ್ತಾರೆಯೇ? ನಮ್ಮ ಮೂವರೂ ಅಲುಗಲಿಲ್ಲ. ಹೇಗೋ ತುದಿಗಂಟಿಕೊಂಡು ಅವನು ನಾಲ್ಕು ಮುಚ್ಚಳ ಬೀಳಿಸಿದ.

ನನ್ನ ಸರದಿ. ಐದು ಬಿದ್ದರೆ ಗೆದ್ದವರ ಕಪ್ ನಮ್ಮದು. ಕಪ್ ಯಾರಿಗೆ ಬೇಕಿತ್ತು? ಬೆಳಗಿನಿಂದ ನಾನೊಂದೂ ಕೀಟಲೆ ಮಾಡಿರಲಿಲ್ಲ. ಗುಮಾಸ್ತನ ಚಪ್ಪಲಿ ಬಿಟ್ಟ ಜಾಗದಲ್ಲೇ ಇತ್ತು. ಈ ಐದು ಹೊಡೆತ ಮುಗಿದರೆ ಸಾಕು, ಹುಡುಗಿ ನನ್ನವಳು.

"ಶುರು" ಅಂದಳು. ನಾನು ಯಾರನ್ನೂ ಕೇಳದೆ ಸೊಂಟ ಊರಿದೆ. ಮೂವರೂ ತಾವಾಗಿ ಒಂದು ಬೆರಳು ಸರಿದರು. ಒಂದು ಬಿತ್ತು, ಎರಡು, ಮೂರು, ನಾಲ್ಕು. ಐದನೆಯ ಛರ್ರಾ ತುಂಬಿ, ಉಸಿರು ಹಿಡಿದು, ಪಿಸ್ತೂಲಿನ ಕುದುರೆ ಅದುಮಬೇಕು ಅನ್ನುವಾಗ ಹಿಂದಿನಿಂದ ಸ್ಪಷ್ಟವಾದ ದನಿಯೊಂದು ಬಂತು.

"ಠಾಣೆ ಆಲಂ."

ಮೂವರೂ ಎದ್ದರು. ಎದ್ದು, ಇಲ್ಲದ ರ್‍ಯಾಕಿನ ಮೇಲಿನ ಇಲ್ಲದ ಬ್ಯಾಗುಗಳಿಗೆ ಕೈಯೆತ್ತಿದರು. ಬೆಂಚಿನ ಆ ತುದಿ ಆಕಾಶಕ್ಕೆ, ಈ ತುದಿಯ ನಾನು ನೆಲಕ್ಕೆ. ಬೀಳುತ್ತಾ ಹಾರಿಸಿದ ಛರ್ರಾ ಐದನೆಯ ಮುಚ್ಚಳದ ನಟ್ಟನಡುವೆ ಬಡಿಯಿತು.

ಇಲ್ಲ, ಬಡಿಯಲಿಲ್ಲ. ದಿಬ್ಬದ ಮಣ್ಣಿಗೆ ಹೋಯಿತು. ನಾಲ್ಕಕ್ಕೆ ನಾಲ್ಕು ಸಮ, ಬೇಗ ಹೊಡೆದ ಲೆಕ್ಕದಲ್ಲಿ ಕಪ್ ಕಲ್ಯಾಣದವರು ಒಯ್ದರು.

ನಾನು ಅಂಗಾತ ಮಲಗಿದ್ದಲ್ಲಿಂದ ನೋಡಿದರೆ ಎಲ್ಲರ ಮುಖವೂ ನನ್ನ ಮೇಲೆ. ಇದು ಅವನದೇ ಕೆಲಸ, ಯಾರಿಗೋ ಹೇಳಿಕೊಟ್ಟು ಕೂಗಿಸಿದ್ದಾನೆ ಎಂದು ಗುಮಾಸ್ತ ಆಣೆ ಹಾಕಲು ಶುರು ಮಾಡಿದ. ಜೀವನದಲ್ಲಿ ಮೊದಲ ಸಲ ನಾನು ನಿರಪರಾಧಿ, ಅದನ್ನು ನಂಬುವವರು ಒಬ್ಬರೂ ಇಲ್ಲ. ಕಾಕಾ ಹತ್ತಿರ ಬಂದು ಬಗ್ಗಿ ನನ್ನ ಮುಖವನ್ನೇ ದಿಟ್ಟಿಸಿದರು.

"ಇವ ಅಲ್ಲ," ಅಂದರು. "ಇವನ ಕೀಟಲಿ ಆಗಿದ್ದರ ಇಷ್ಟೊತ್ತಿಗೆ ನಗತಿದ್ದ. ಮಾರಿ ನೋಡ್ರಿ, ಹೆಂಗಾಗೇತಿ."

ಆಗ ಎಲ್ಲರಿಗೂ ಒಟ್ಟಿಗೆ ಹೊಳೆಯಿತು, ಆ ದನಿ ಹೆಂಗಸಿನದು. ತಿರುಗಿ ನೋಡಿದರೆ ಅವಳು ಗಡಿಯಾರವನ್ನು ಎದೆಗವಚಿಕೊಂಡು, ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಭುಜ ಕುಣಿಯುತ್ತಿತ್ತು.

"ಅಪ್ಪಾ," ಅಂದಳು ಕೊನೆಗೆ, "ಕೀಟಲಿ ಮಾಡಬಾರದು ಅಂತ ನೀವು ಅವರಿಗೆ ಹೇಳಿದ್ರಿ. ನನಗೆಲ್ಲಿ ಹೇಳಿದ್ರಿ?"

ಕಾಕಾ ಮಗಳನ್ನು ನೋಡಿದರು, ನನ್ನನ್ನು ನೋಡಿದರು, ದಿಬ್ಬವನ್ನು ನೋಡಿದರು. ಆಮೇಲೆ ಕೈಕೊಟ್ಟು ನನ್ನನ್ನು ಎಬ್ಬಿಸಿದರು.

"ಏಳಪಾ ಉಡುಪಿ. ಇಕಿನ್ನ ಬ್ಯಾರೆಯವರಿಗೆ ಕೊಟ್ಟರ ಅವರು ನನ್ನ ಮ್ಯಾಲೆ ಕೇಸ್ ಹಾಕತಾರ."

ಆ ದಿಬ್ಬ ಈಗಿಲ್ಲ, ಅಲ್ಲೊಂದು ಗೋದಾಮು ಎದ್ದಿದೆ. ಅದರ ಅಡಿಪಾಯದಲ್ಲಿ ನಮ್ಮ ಛರ್ರಾಗಳೆಲ್ಲ ಮಲಗಿವೆ, ಐದನೆಯದೂ ಸೇರಿ. ಕಾಕಾನ ತರಕಾರಿ ಚೀಲ ನಮ್ಮ ಮನೆಯ ಮೊಳೆಯಲ್ಲಿ ತೂಗುತ್ತಿದೆ, ಈಗ ಅದರಲ್ಲಿ ಮೆಂತ್ಯೆ ಸೊಪ್ಪೇ ಬರುವುದು. ನಾನು ಊಟ ಮುಗಿಸಿ ಆರಾಮಕುರ್ಚಿಯಲ್ಲಿ ತೂಕಡಿಸುತ್ತಿದ್ದರೆ, ತಾನು ಅಲ್ಲಿ ಕೂರಬೇಕು ಅನಿಸಿದಾಗ ಅವಳು ಅಡುಗೆಮನೆಯಿಂದಲೇ ಮೆಲ್ಲಗೆ "ಠಾಣೆ ಆಲಂ" ಅನ್ನುತ್ತಾಳೆ. ನಾನು ಎದ್ದು ನಿಂತಿರುತ್ತೇನೆ.

ಇವತ್ತು ಬೆಳಗ್ಗೆಯೂ ಹಾಗೇ ಆಯಿತು. ನಿದ್ದೆಗಣ್ಣಲ್ಲಿ ಎದ್ದವನು ನೇರ ಚಪ್ಪಲಿ ಮೆಟ್ಟಿ ಈ ಹೋಟೆಲಿಗೇ ಬಂದೆ, ದುಡ್ಡಿನ ಪಾಕೀಟು ಕುರ್ಚಿಯ ಮೇಲೆ ಉಳಿಯಿತು. ಈಗ ಅದರ ಮೇಲೆ ಅವಳು ಕೂತಿದ್ದಾಳೆ. ಹಾಗಾಗಿ ಈ ಚಹಾದ ಬಿಲ್ಲು ನಿಮ್ಮ ಕಡೆಗೇ ಇರಲಿ.