ಸ್ಪಿಂಡಲ್ ಬಿಚ್ಚಿದ ಶೂರರು

ಬಿಚ್ಚಲು ಬಂದವನಿಗೆ ಜೋಡಿಸಲೂ ಬಂದೇ ಬರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಈ ನಂಬಿಕೆಯ ಬಲದಿಂದಲೇ ನಮ್ಮ ಮನೆಯ ಗೋಡೆ ಗಡಿಯಾರ, ಇಸ್ತ್ರಿ ಪೆಟ್ಟಿಗೆ ಮತ್ತು ಹೊಲಿಗೆ ಯಂತ್ರಗಳು ಅಟ್ಟದ ಮೇಲೆ ಚಿರವಿಶ್ರಾಂತಿ ಪಡೆಯುತ್ತಿವೆ. ಆದರೂ ನನ್ನ ಆತ್ಮವಿಶ್ವಾಸಕ್ಕೆ ಒಂದು ಗೀರೂ ಬಿದ್ದಿಲ್ಲ!

ಗುಡಗೇರಿಯಲ್ಲಿ ನನ್ನದು ಬೀಜ ಗೊಬ್ಬರದ ಅಂಗಡಿ. ಹೆಂಡತಿ ಶೋಭಾ ಊರಿನ ಹೈಸ್ಕೂಲಿನಲ್ಲಿ ಆಟದ ಟೀಚರು. ಅವಳು ತಯಾರು ಮಾಡಿದ ಹುಡುಗಿಯರ ಖೋ-ಖೋ ತಂಡ ಪ್ರತಿ ವರ್ಷ ತಾಲೂಕು ಕೇಂದ್ರ ಕುಂದಗೋಳಕ್ಕೆ ಹೋಗಿ ಆಡುತ್ತಿತ್ತು. ಗೆದ್ದು ತಂದ ಕಪ್ಪನ್ನು ನಮ್ಮ ಊರು ನೋಡಿತ್ತು. ಗೆಲ್ಲುವುದನ್ನು ಒಮ್ಮೆಯೂ ನೋಡಿರಲಿಲ್ಲ. ಅವಳು ಬಡಿದಾಡಿ, ಬೇಡಿಕೊಂಡು, ಈ ಸಲ ತಾಲೂಕಿನ ಪಂದ್ಯಾವಳಿಯನ್ನು ನಮ್ಮೂರಿಗೇ ತಂದಿದ್ದಳು. ಷರತ್ತು ಒಂದೇ: ಶುಕ್ರವಾರ ಪರಿವೀಕ್ಷಕರು ಬಂದು ನೋಡುವ ಹೊತ್ತಿಗೆ ಮೈದಾನ ಆಡಲು ತಯಾರಿರಬೇಕು. ಇಲ್ಲವಾದರೆ ಆಟ ಮತ್ತೆ ಕುಂದಗೋಳಕ್ಕೆ.

ಮೈದಾನದಲ್ಲೋ ಮೊಣಕಾಲುದ್ದ ಹುಲ್ಲು. ಹೊಲಗಳಲ್ಲಿ ಹೆಸರುಕಾಯಿ ಬಿಡಿಸುವ ಸುಗ್ಗಿ. ಕೂಲಿಗೆ ಒಬ್ಬರನ್ನು ಕರೆಯಲು ಹೋದರೆ ಅವರು ನಮ್ಮನ್ನೇ ಹೊಲಕ್ಕೆ ಕರೆಯುತ್ತಿದ್ದರು. ಶೋಭಾಳ ಮುಖ ಬಾಡಿತ್ತು.

"ಚಿಂತಿ ಯಾಕ ಮಾಡ್ತಿ? ನಾ ಅದೀನಲ್ಲ!" ಎಂದೆ.

"ಅದ ಚಿಂತಿರಿ ನನಗ," ಎಂದಳು.

ನನ್ನ ಧೈರ್ಯಕ್ಕೆ ಕಾರಣವಿತ್ತು. ಹುಬ್ಬಳ್ಳಿ ರಸ್ತೆಯ ಒಂದು ರೆಸಾರ್ಟು ಬಾಗಿಲು ಹಾಕಿದಾಗ, ಅಲ್ಲಿಯ ಕೂತು ಓಡಿಸುವ, ಹುಲ್ಲು ಕೊಯ್ಯುವ ಮಷೀನನ್ನು ನಾನೂ ಗೆಳೆಯ ದಾವಲಸಾಬನೂ ಪಾಲುದಾರಿಕೆಯಲ್ಲಿ ಕೊಂಡಿದ್ದೆವು. ದಾವಲಸಾಬ ಶೇಂಗಾ ವ್ಯಾಪಾರಿ, ಒಂದನೇ ಇಯತ್ತೆಯಿಂದ ನನ್ನ ಬಾಜೂ ಕೂತವನು. ಅವನ ಮಗಳು ರೇಷ್ಮಾಳೇ ಖೋ-ಖೋ ತಂಡದ ನಾಯಕಿ. ನಮ್ಮಿಬ್ಬರಿಗೂ ಹುಲ್ಲುಹಾಸು ಎಂಬುದು ಇರಲಿಲ್ಲ. "ಕುರ್ಚಿ ಐತಿ, ಸ್ಟೇರಿಂಗ್ ಐತಿ, ಇನ್ನೇನ್ ಬೇಕಲೇ?" ಎಂದಿದ್ದ. ಆ ತರ್ಕ ಕೇಳಿದ್ದೇ ನಾನು ದುಡ್ಡು ಎಣಿಸಿದೆ.

ಮಷೀನು ಚಾಲೂ ಮಾಡಿದರೆ ಮಿಕ್ಸಿಯಲ್ಲಿ ಜಲ್ಲಿಕಲ್ಲು ಹಾಕಿದ ಸದ್ದು! ಬೋರಲು ಹಾಕಿದ ಹಿಟ್ಟಿನ ಪರಾತದಂಥ ಒಂದು ತಗಡು ಅದರ ಹೊಟ್ಟೆಯ ಕೆಳಗೆ ತೂಗಿಕೊಂಡಿರುತ್ತದೆ. ಅದರೊಳಗೆ ಎರಡು ಬ್ಲೇಡು. ಒಂದೊಂದು ಬ್ಲೇಡನ್ನೂ ಹಿಡಿದು ಗರಗರ ತಿರುಗಿಸುವ ಗೂಟಕ್ಕೆ ಸ್ಪಿಂಡಲ್ ಎಂದು ಹೆಸರು. ಎರಡೂ ಸ್ಪಿಂಡಲ್‌ಗಳ ಬೇರಿಂಗ್ ಸವೆದು, ಬ್ಲೇಡುಗಳು ಮುದುಕರ ಹಲ್ಲಿನಂತೆ ಅಲುಗಾಡುತ್ತಿದ್ದವು.

"ಮೆಕ್ಯಾನಿಕ್ ಕರೀಲೇನು?" ಎಂದ ದಾವಲಸಾಬ.

"ಮೆಕ್ಯಾನಿಕ್ಕನ ಕೈಯಾಗ ಇರೂದೂ ಪಾನಾ, ನಮ್ಮ ಕೈಯಾಗ ಇರೂದೂ ಪಾನಾ," ಎಂದೆ, ಸ್ಪ್ಯಾನರು ಎತ್ತಿ ತೋರಿಸುತ್ತ.

ಮಷೀನನ್ನು ಅಂಗಳದಲ್ಲಿ ಬೋರಲು ಹಾಕಿ ಶುಭಾರಂಭ ಮಾಡಿದೆವು. ಬ್ಲೇಡಿನ ನಟ್ಟು ಜಪ್ಪಯ್ಯ ಎನ್ನಲಿಲ್ಲ. ಆಗ ನನಗೊಂದು ಯೋಚನೆ ಹೊಳೆಯಿತು: ಮಷೀನು ಬೋರಲಾಗಿದೆ, ಹಾಗಾದರೆ ತಿರುಗಿಸುವ ದಿಕ್ಕೂ ಬೋರಲಾಗಬೇಕು! ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಇಬ್ಬರೂ ಜೋತುಬಿದ್ದು, ಬಿಚ್ಚುತ್ತಿದ್ದೇವೆಂದು ತಿಳಿದು ಊಟದ ಹೊತ್ತಿನವರೆಗೆ ಬಿಗಿ ಮಾಡಿದೆವು. ಊಟವಾದ ಮೇಲೆ ಅದನ್ನು ಬಿಚ್ಚಲು ಸಂಜೆಯಾಯಿತು.

ಹೊಸ ಬೇರಿಂಗ್ ತಂದದ್ದು ಕುಂದಗೋಳದ ಪಂಪ್‌ಸೆಟ್ ರಿಪೇರಿ ಅಂಗಡಿಯಿಂದ. ಬೇರಿಂಗ್ ತಣ್ಣಗಿರಬೇಕು, ಅದನ್ನು ಕೂರಿಸುವ ಗೂಡು ಬಿಸಿಯಾಗಿರಬೇಕು, ಆಗ ಸಲೀಸಾಗಿ ಇಳಿಯುತ್ತದೆ ಎಂದು ಅಂಗಡಿಯವನು ಹೇಳಿದ್ದ. ಶೋಭಾ ಶಾಲೆಗೆ ಹೋಗಿದ್ದಳು. ಬೇರಿಂಗ್‌ಗಳನ್ನು ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಬಾಜೂ ಮಲಗಿಸಿದೆವು. ಸ್ಪಿಂಡಲ್ಲಿನ ಗೂಡನ್ನು ರೊಟ್ಟಿ ಹಂಚಿನ ಮೇಲಿಟ್ಟು ಗ್ಯಾಸು ಹಚ್ಚಿದೆವು. ಕಾದ ಗೂಡಿಗೆ ತಣ್ಣನೆಯ ಬೇರಿಂಗ್ ಹಿಡಿದರೆ, ಆಹಾ, ಬೆಣ್ಣೆಯಂತೆ ಒಳಗಿಳಿಯಿತು! ಇಬ್ಬರೂ ಅಪ್ಪಿಕೊಂಡೆವು.

ಸಂಜೆ ಶೋಭಾ ರೊಟ್ಟಿ ಬಡಿದಳು. ಒಂದು ತುತ್ತು ಬಾಯಿಗಿಟ್ಟು ರೊಟ್ಟಿಯನ್ನು ಮೂಸಿ ನೋಡಿದಳು.

"ಇದ್ಯಾವ ಜ್ವಾಳರಿ? ಒಂಥರಾ ಡಿಜೆಲ್ ವಾಸನಿ ಬರತೈತಿ."

"ಹೈಬ್ರಿಡ್ ಇರಬೇಕು," ಎಂದೆ. ಬೀಜದ ಅಂಗಡಿಯವನ ಮಾತಿಗೆ ಯಾರು ಎದುರಾಡುತ್ತಾರೆ?

ಅಷ್ಟರಲ್ಲಿ ಅವಳು ಮೊಸರಿಗೆಂದು ಫ್ರಿಜ್ಜು ತೆಗೆದಳು. ಉಳಿದಿದ್ದ ಬೇರಿಂಗ್ ಅವಳ ಕಾಲ ಬೆರಳಿನ ಮೇಲೆಯೇ ಬಿತ್ತು. ಆಮೇಲೆ ನಡೆದದ್ದನ್ನು ಇಲ್ಲಿ ಬರೆಯುವುದು ನನ್ನ ಘನತೆಗೆ ಒಳ್ಳೆಯದಲ್ಲ.

ಮರುದಿನ ಎಲ್ಲವನ್ನೂ ಜೋಡಿಸಿ ಮುಗಿಸಿದೆವು. ಆದರೆ ಕಟ್ಟೆಯ ಮೇಲೆ ಗೇಣುದ್ದವೂ ಇಲ್ಲದ ಎರಡು ಪೈಪಿನ ತುಂಡು ಉಳಿದಿದ್ದವು.

"ಇವು ಯಾವುವಲೇ?"

"ಎಕ್ಸ್‌ಟ್ರಾ ಕೊಟ್ಟಿರತಾರ. ಹೊಸ ಅಂಗಿ ತಗೊಂಡ್ರ ಗುಂಡಿ ಕೊಡೂದಿಲ್ಲೇನು?" ಎಂದ ದಾವಲಸಾಬ.

ಕಂಪನಿಯ ಉದಾರತೆಯನ್ನು ಮೆಚ್ಚಿ ನಟ್ಟು ಬಿಗಿ ಮಾಡಿದರೆ, ಸ್ಪಿಂಡಲ್ ಮಿಸುಕಲೇ ಇಲ್ಲ. ಮೇಲಿನ ಬೇರಿಂಗ್ ಮತ್ತು ಕೆಳಗಿನ ಬೇರಿಂಗ್ ಒಂದನ್ನೊಂದು ಒತ್ತದಂತೆ ನಡುವೆ ನಿಲ್ಲಬೇಕಾದವೇ ಆ ತುಂಡುಗಳು. ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ. ಈ ಸಲ ರೊಟ್ಟಿ ಹಂಚು ಸಿಗಲಿಲ್ಲ. ಶೋಭಾ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು! ದಾವಲಸಾಬನ ಮನೆಯ ಹಂಚು ಬಂತು. ಅವನ ಮನೆಯಲ್ಲೂ ಅಂದು ರಾತ್ರಿ ಹೈಬ್ರಿಡ್ ಊಟ.

ಕೊನೆಗೆ ಬ್ಲೇಡು ಹಾಕುವ ಗಳಿಗೆ ಬಂತು. ಬ್ಲೇಡಿನ ಎರಡೂ ತುದಿ ಒಂದು ಕಡೆಗೆ ಬಾಗಿರುತ್ತವೆ. ಬಾಗು ಮೇಲಕ್ಕೋ ಕೆಳಕ್ಕೋ? ಬಿಚ್ಚುವಾಗ ನೋಡಿಕೊಂಡವರು ಯಾರೂ ಇಲ್ಲ. ಆದರೆ ನಾವಿಬ್ಬರೂ ಎರೆಹೊಲದಲ್ಲಿ ಕಳೆ ಹೆರೆಯುವ ಕುಂಟಿ ಹೊಡೆದು, ಅದರ ಕಬ್ಬಿಣದ ಅಲಗಾದ ಕುಡವನ್ನು ನೋಡುತ್ತ ಬೆಳೆದವರು.

"ಕುಂಟಿ ಕುಡ ಯಾವ ಕಡೆ ಬಾಗಿರತೈತಿ?" ಎಂದೆ.

"ನೆಲದ ಕಡೆ. ಆಕಾಶದಾಗ ಏನ್ ಕಸ ಬೆಳದೈತಿ ಮ್ಯಾಲೆ ಬಾಗಾಕ?"

ಅಗದಿ ಖರೆ ಮಾತು! ಎರಡೂ ಬ್ಲೇಡನ್ನು ನೆಲದ ಕಡೆ ಬಾಗಿಸಿ, ಬಿಗಿದು, ಮಷೀನಿಗೆ ಕುಂಕುಮ ಹಚ್ಚಿ ಕಾಯಿ ಒಡೆದೆವು. ಚಾಲೂ ಮಾಡಿದರೆ ಸ್ಪಿಂಡಲ್ ಎರಡೂ ಬುಗುರಿಯಂತೆ ತಿರುಗಿದವು. ಗಡಗಡ ಇಲ್ಲ, ಅಲುಗಾಟ ಇಲ್ಲ! ನನ್ನ ಜೀವಮಾನದಲ್ಲಿ ನಾನು ರಿಪೇರಿ ಮಾಡಿ ತಿರುಗಿದ ಮೊದಲ ವಸ್ತು ಅದು. ಸುಳ್ಳೇಕೆ, ಕಣ್ಣಲ್ಲಿ ನೀರು ಬಂತು.

ಶುಕ್ರವಾರ ಬೆಳಿಗ್ಗೆ ಶೋಭಾ ಹುಡುಗಿಯರನ್ನೆಲ್ಲ ಮೈದಾನದಾಚೆಯ ಶಾಲೆಯ ಪಡಸಾಲೆಗೆ ಹತ್ತಿಸಿದಳು. ನಾನು ತಲೆಗೆ ರುಮಾಲು ಸುತ್ತಿ, ಮದುಮಗನ ಗತ್ತಿನಲ್ಲಿ ಮಷೀನು ಏರಿದೆ. ಬ್ಲೇಡು ಇಳಿಸಿದೆ. ಢರ್ರ್ ಎಂದು ಒಂದು ಕರಿ ಮೋಡ ಎದ್ದಿತು! ಹುಲ್ಲಿನ ತುದಿ ಹಾರುವ ಬದಲು ಬೇರು ಹಾರಿತು, ಮಣ್ಣು ಹಾರಿತು. ಬಾಗು ಮೇಲಕ್ಕಿರಬೇಕಾಗಿದ್ದ ಬ್ಲೇಡುಗಳು ಹುಲ್ಲು ಕೊಯ್ಯುತ್ತಿರಲಿಲ್ಲ, ನೆಲ ಹೆರೆಯುತ್ತಿದ್ದವು. ಪಡಸಾಲೆಯಲ್ಲಿ ಒಣಗಿಸಿದ್ದ ಆಟದ ಬನಿಯನ್‌ಗಳೆಲ್ಲ ಎರೆಮಣ್ಣಿನ ಬಣ್ಣಕ್ಕೆ ತಿರುಗಿದವು.

"ನಿಂದ್ರಸ್ರೀ! ನಿಂದ್ರಸ್ರೀ!" ಎಂದು ಶೋಭಾ ಕೂಗುವುದು ಕೇಳಿಸುತ್ತಿತ್ತು. ನಿಲ್ಲಿಸುವುದನ್ನು ನಾನು ಅಭ್ಯಾಸ ಮಾಡಿರಲಿಲ್ಲ. ಮೈದಾನದ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಸುತ್ತಿದೆ. ಪೆಟ್ರೋಲು ಮುಗಿದಾಗಲೇ ಯಾತ್ರೆ ಮುಗಿದದ್ದು.

ಧೂಳು ಇಳಿಯಿತು. ನೋಡಿದರೆ ಮೈದಾನದ ಅಂಚಿನಲ್ಲಿ ಪರಿವೀಕ್ಷಕರು ನಿಂತಿದ್ದಾರೆ, ಹುಬ್ಬಿನವರೆಗೂ ಮಣ್ಣು! ಶೋಭಾಳ ಮುಖ ನೋಡಲಾಗಲಿಲ್ಲ. ಎಷ್ಟು ವರ್ಷಗಳ ಆಸೆಯನ್ನು ಒಂದೇ ಬೆಳಿಗ್ಗೆ ಹಾಳು ಮಾಡಿಬಿಟ್ಟೆನಲ್ಲ ಎಂದು ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ಮಷೀನಿನಿಂದ ಇಳಿದೆ.

ಪರಿವೀಕ್ಷಕರು ಮುಖ ಒರೆಸಿಕೊಂಡರು. ಚಪ್ಪಲಿ ಬಿಟ್ಟು ಮೈದಾನಕ್ಕೆ ಇಳಿದರು. ಬಗ್ಗಿ ನೆಲ ಸವರಿದರು. ಒಂದು ಎಳೆ ಹುಲ್ಲಿಲ್ಲ, ಅಂಗೈಯಂಥ ನೆಲ!

"ಏ, ಭಾರಿ ಮಾಡೀರಲ್ರಿ! ಬರೇ ಮ್ಯಾಲಿನ ಹುಲ್ಲು ಕೊಯ್ದಿದ್ರ ನಾ ಒಪ್ಪತಿದ್ದಿಲ್ಲ. ಬುಡ ಉಳದ್ರ ಖೋ-ಖೋದಾಗ ಹುಡುಗ್ಯಾರ ಮಂಡಿ ಕೆತ್ತತಾವ. ನೀರು ಹೊಡದು ರೋಲರ್ ಉರುಳಸ್ರಿ, ಸಾಕು. ಆಟ ಇಲ್ಲೇ!"

"ಅದಕ್ಕಂತನ ಹಂಗ ಜೋಡಿಸಿದ್ವಿರಿ," ಎಂದೆ, ಅತ್ಯಂತ ವಿನಯದಿಂದ. ಶೋಭಾ ನನ್ನನ್ನು ಒಮ್ಮೆ ನೋಡಿ, ನೀರು ಹೊಡೆಯಲು ಕೈಗೊಂದು ಕೊಡ ಕೊಟ್ಟಳು.

ಪಂದ್ಯದ ದಿನ ಊರಿಗೆ ಊರೇ ಮೈದಾನದಲ್ಲಿತ್ತು. ಮೊಣಕಾಲು ನೋವಿನಿಂದ ಬಸ್ಸು ಹತ್ತಲಾಗದ ದಾವಲಸಾಬನ ಅವ್ವ ಕುರ್ಚಿ ಹಾಕಿಸಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ರೇಷ್ಮಾ ಕಂಬಕ್ಕೆ ಕೈ ಹಾಕಿ ಹಾರಿ, ಎದುರಾಳಿಯನ್ನು ಮುಟ್ಟಿ ನೆಲಕ್ಕೆ ಬಿದ್ದು ಎದ್ದಾಗ, ಮಂಡಿಗೆ ಒಂದು ತರಚೂ ಇರಲಿಲ್ಲ. ಅದೇ ಗೆಲುವಿನ ಅಂಕ. "ನಮ್ಮ ಹುಡುಗಿರೀ ಅದು, ನಮ್ಮ ಹುಡುಗಿ!" ಎಂದು ಮುದುಕಿ ಎದ್ದೇ ನಿಂತಳು. ಶೋಭಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳನ್ನು ನೋಡಿ ನನ್ನ ಎದೆ ತುಂಬಿಬಂತು.

ಬಹುಮಾನದ ಹೊತ್ತಿಗೆ ನನ್ನನ್ನೂ ವೇದಿಕೆಗೆ ಕರೆದು ಹಾರ ಹಾಕಿದರು. ಯಂತ್ರವಿದ್ಯೆಯಲ್ಲಿ ದೂರದೃಷ್ಟಿಯ ಮಹತ್ವ ಕುರಿತು ನಾನು ನಾಲ್ಕು ಮಾತು ತಯಾರು ಮಾಡಿಕೊಂಡಿದ್ದೆ. ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶೋಭಾ ಮೈಕು ಹಿಡಿದಳು.

"ಎಲ್ಲಾರಿಗೂ ಶರಣು. ನಮ್ಮ ಮನಿಯವ್ರ ಉಪಕಾರ ನಾ ಮರಿಯಂಗಿಲ್ರಿ. ಅವರು ಮಷೀನು ಸರಿಯಾಗಿ ಜೋಡಿಸಿದ್ದರ, ಈ ಆಟ ಇವತ್ತ ಕುಂದಗೋಳದಾಗ ನಡೀತಿತ್ತು!"

ಊರೆಲ್ಲ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿತು. ಕೊರಳಲ್ಲಿ ಹಾರ ಹಾಕಿಕೊಂಡು ನಾನೂ ತಟ್ಟಿದೆ. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?